ಚುಚ್ಚಿದ ಕಿವಿಯ ಮಗು ಯಾಕೆ ಹುಟ್ಟುವುದಿಲ್ಲ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗೂ ತಿಳಿಯಲಿ ಅಂತ ಅದರಲ್ಲಿರುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನೀವು ತಿಪಟೂರು ಕಡೆಯ ಹಳ್ಳಿಯೊಂದರಲ್ಲಿ ವರ್ಷಗಟ್ಟಲೆ ಪ್ರೈಮರಿ ಮಕ್ಕಳಿಗೆ ಪಾಠ ಹೇಳಿ ರಿಟೈರ್ ಆದವರು. ರಜಕ್ಕೆ ಬಂದ ಆರು ವರ್ಷದ ಮೊಮ್ಮಗ ಎರಡೂ ಹೆಬ್ಬೆರಳಲ್ಲಿ ಮೊಬೈಲ್ ಒತ್ತುವ ವೇಗ ನೋಡಿ ನಿಮಗೆ ದಿಗಿಲಾಗಿದೆ. ಇನ್ನು ಸಾವಿರ ವರ್ಷಕ್ಕೆ ಮನುಷ್ಯನ ಹೆಬ್ಬೆರಳು ಉದ್ದವಾಗಿ, ತಲೆ ದಪ್ಪವಾಗಿ, ಕೈಕಾಲು ಕಡ್ಡಿಯಾಗುತ್ತವಾ ಅಂತ ಕೇಳಿದ್ದೀರಿ. ಔಷಧಿ, ಆಸ್ಪತ್ರೆ ಬಂದು ಬಲವಿಲ್ಲದವರೂ ಉಳಿಯುತ್ತಿದ್ದಾರೆ, ಹಾಗಾದರೆ ವಿಕಾಸ ನಿಂತೇ ಹೋಯಿತಾ ಅನ್ನುವುದು ಎರಡನೇ ಪ್ರಶ್ನೆ. ಮೂರನೆಯದನ್ನು ಕೊನೇ ಸಾಲಿನಲ್ಲಿ ಬರೆದಿದ್ದೀರಿ. ನೀವು ಕೆಲಸಕ್ಕೆ ಸೇರಿದ ವರ್ಷ ಒಂದನೇ ಕ್ಲಾಸಿಗೆ 38 ಮಕ್ಕಳು ಬಂದಿದ್ದರು, ಈ ವರ್ಷ ಬಂದವರು 4. "ನಮ್ಮ ಜನ ಮುಗಿದು ಹೋಗ್ತಾರಾ?"

ಮೊದಲು ಹೆಬ್ಬೆರಳಿನ ವಿಚಾರ. ನಮ್ಮಲ್ಲಿ ಮಕ್ಕಳಿಗೆ ಕಿವಿ ಚುಚ್ಚಿಸುವುದು ಎಷ್ಟು ತಲೆಮಾರಿನಿಂದ ನಡೆದುಬಂದಿದೆ ಯೋಚಿಸಿ. ಆದರೂ ಹುಟ್ಟುವ ಪ್ರತಿ ಮಗುವಿಗೂ ಹೊಸದಾಗಿಯೇ ಚುಚ್ಚಿಸಬೇಕು. ನಿಮ್ಮೂರಲ್ಲಿ ತೆಂಗಿನ ಮರ ಹತ್ತಿ ಕಾಯಿ ಕೆಡವುವವರ ಅಂಗಾಲು ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿರುತ್ತದೆ, ಅವರ ಮಗುವಿನ ಅಂಗಾಲು ಮಾತ್ರ ಬೆಣ್ಣೆ. ಬಳಸಿದ್ದು, ಸವೆಸಿದ್ದು, ಚುಚ್ಚಿಸಿಕೊಂಡಿದ್ದು ಯಾವುದೂ ರಕ್ತದಲ್ಲಿ ಇಳಿದು ಬರುವುದಿಲ್ಲ. ಹೆಬ್ಬೆರಳು ಉದ್ದವಾಗಬೇಕಾದರೆ, ಉದ್ದ ಹೆಬ್ಬೆರಳಿನವರಿಗೆ ಉಳಿದವರಿಗಿಂತ ಜಾಸ್ತಿ ಮಕ್ಕಳಾಗಿ, ಆ ಮಕ್ಕಳಿಗೂ ಜಾಸ್ತಿ ಮಕ್ಕಳಾಗಿ, ನೂರಾರು ತಲೆಮಾರು ಹಾಗೇ ನಡೆಯಬೇಕು. ಮೊಬೈಲ್ ಚೆನ್ನಾಗಿ ಒತ್ತುತ್ತಾನೆ ಅಂತ ಯಾರಿಗೂ ಮಕ್ಕಳು ಜಾಸ್ತಿ ಆಗುವುದಿಲ್ಲ ಅಲ್ವಾ?

ಮೊಮ್ಮಗನ ಬೆರಳಿಗಿಂತ ಕಣ್ಣಿನ ಬಗ್ಗೆ ಯೋಚನೆ ಮಾಡಿ. ಪೂರ್ವ ಏಷ್ಯಾದ ದೊಡ್ಡ ನಗರಗಳಲ್ಲಿ ಹೈಸ್ಕೂಲು ಮುಗಿಸುವ ಹೊತ್ತಿಗೆ ಬಹುಪಾಲು ಮಕ್ಕಳಿಗೆ ದೂರದ್ದು ಕಾಣದ ದೋಷ ಬಂದಿರುತ್ತದೆ. ಒಂದೆರಡು ತಲೆಮಾರಿನಲ್ಲಿ ಆದ ಬದಲಾವಣೆ ಇದು. ಅಪ್ಪ ಅಮ್ಮನಿಂದ ಮಕ್ಕಳಿಗೆ ಇಳಿದು ಬರುವ ಜೀನು ಅಷ್ಟು ಬೇಗ ಬದಲಾಗುವುದಿಲ್ಲ, ಬದಲಾಗಿದ್ದು ಮಕ್ಕಳ ದಿನಚರಿ. ಹಗಲು ಬೆಳಕಿನಲ್ಲಿ ಹೊರಗೆ ಆಡುವುದು ಕಡಿಮೆಯಾಗಿ, ಹತ್ತಿರದಿಂದ ನೋಡುವುದು ಜಾಸ್ತಿಯಾಯಿತು. ತೈವಾನ್ 2010ರಲ್ಲಿ ದಿನಕ್ಕೆ 120 ನಿಮಿಷ ಮಕ್ಕಳನ್ನು ಹೊರಗೆ ಬಿಡುವ ಕಾರ್ಯಕ್ರಮವನ್ನು ಶಾಲೆಗಳಲ್ಲಿ ಶುರು ಮಾಡಿತು. ನಿಮ್ಮನೆಗೆ ತೋಟ ಇದೆ, ಹುಡುಗನನ್ನು ಕರೆದುಕೊಂಡು ಹೋಗಿ.

ಇನ್ನು ವಿಕಾಸ ನಿಂತಿದೆಯೇ ಅನ್ನುವುದು. ನನ್ನ ಅಜ್ಜಿ ಹೆತ್ತಿದ್ದು ಒಂಬತ್ತು, ಉಳಿದಿದ್ದು ಐದು. ಯಾರಾದರೂ ಕೇಳಿದರೆ ಬೆರಳು ಮಡಚಿ ಒಂಬತ್ತನ್ನೂ ಎಣಿಸುತ್ತಿದ್ದರು, ಹೆಸರಿಡುವ ಮುಂಚೆಯೇ ಹೋದ ಮಗುವಿಗೂ ಒಂದು ಬೆರಳು ಮಡಚುತ್ತಿದ್ದರು. ಪುಸ್ತಕದಲ್ಲಿ ನಿಸರ್ಗದ ಆಯ್ಕೆ ಅಂತ ನಾವು ಓದುವುದು ಹೆಚ್ಚಾಗಿ ಹೀಗೆ ಹೋದ ಮಕ್ಕಳ ಲೆಕ್ಕವನ್ನೇ. 2019–21ರ ಹೊತ್ತಿಗೆ ಭಾರತದಲ್ಲಿ ಸಾವಿರ ಮಕ್ಕಳು ಹುಟ್ಟಿದರೆ ಐದು ವರ್ಷ ತುಂಬುವ ಮುಂಚೆ ಸಾಯುತ್ತಿದ್ದುದು ಸುಮಾರು 42. ಇದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಅಷ್ಟೂ ಇರಬಾರದು. ಆದರೆ ಅಜ್ಜಿಯ ಕಾಲಕ್ಕೆ ಹೋಲಿಸಿದರೆ ಮಕ್ಕಳು ಜಾರಿ ಬೀಳುತ್ತಿದ್ದ ಜರಡಿಯ ಕಣ್ಣು ತುಂಬಾ ಸಣ್ಣದಾಗಿದೆ.

ಹಾಗಂತ "ಬಲವಿಲ್ಲದವರು ಉಳಿಯುತ್ತಿದ್ದಾರೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ. ಅದೇ ಮಾತನ್ನು 1933ರಲ್ಲಿ ಕಾನೂನು ಮಾಡಿ ಜರ್ಮನಿಯಲ್ಲಿ ಸುಮಾರು ನಾಲ್ಕು ಲಕ್ಷ ಜನಕ್ಕೆ ಬಲವಂತವಾಗಿ ಸಂತಾನಹರಣ ಆಪರೇಷನ್ ಮಾಡಿದರು. ಅಲ್ಲದೆ ಬಲ ಅನ್ನುವುದು ಊರೂರಿಗೆ ಬೇರೆ. ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರನ್ನು ನೀವು ನೋಡಿರುತ್ತೀರಿ. ಟಿಬೆಟನ್ನರಲ್ಲಿ ಬಹುಪಾಲು ಜನಕ್ಕೆ ಗಾಳಿ ತೆಳುವಾದ ಎತ್ತರದಲ್ಲಿ ರಕ್ತ ದಪ್ಪವಾಗದಂತೆ ತಡೆಯುವ ಒಂದು ಜೀನಿನ ಬೇರೆ ರೂಪ ಇದೆ. ನಾಲ್ಕು ಸಾವಿರ ಮೀಟರ್ ಮೇಲೆ ಅದು ಪ್ರಾಣ ಉಳಿಸುತ್ತದೆ. ಮೈಸೂರು ಜಿಲ್ಲೆಯ ಜೋಳದ ಹೊಲದಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಹಾಲಿನ ಕಥೆಯೂ ಹೀಗೇ. ಪ್ರಾಣಿಗಳಿಗೆ ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಹೋಗುತ್ತದೆ, ಮನುಷ್ಯರಲ್ಲೂ ಬಹುಪಾಲು ಜನಕ್ಕೆ ಹೀಗೇ. ಹಸು ಸಾಕಲು ಕಲಿತ ಮೇಲೆ, ಕಳೆದ ಹತ್ತು ಸಾವಿರ ವರ್ಷದೊಳಗೆ, ಕೆಲವು ಕಡೆ ಅದು ದೊಡ್ಡವರಾದ ಮೇಲೂ ಉಳಿಯುವ ಹಾಗಾಯಿತು. ಆಫ್ರಿಕದ ದನಗಾಹಿಗಳಿಗೆ ಬಂದ ಬದಲಾವಣೆಯೇ ಬೇರೆ, ಯುರೋಪಿನದೇ ಬೇರೆ. ಯುರೋಪಿನದು ಭಾರತದಲ್ಲೂ ಇದೆ, ವಾಯವ್ಯದಲ್ಲಿ ಜಾಸ್ತಿ, ದಕ್ಷಿಣಕ್ಕೆ ಬರುತ್ತಾ ಕಡಿಮೆ. ಆದರೂ ನಮಗೆ ಮಜ್ಜಿಗೆ ಇಲ್ಲದೆ ಊಟ ಮುಗಿಯುವುದಿಲ್ಲ! ಹೆಪ್ಪು ಹಾಕಿದ ಮೇಲೆ ರಾತ್ರಿಯಿಡೀ ಆ ಸಕ್ಕರೆಯಲ್ಲಿ ಒಂದಿಷ್ಟನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ, ಮಿಕ್ಕಿದ್ದು ಹೊಟ್ಟೆಗೆ ಭಾರವಾಗುವುದಿಲ್ಲ. ಒಂದು ಕಡೆ ಸಾವಿರಾರು ವರ್ಷ ಕಾದು ದೇಹ ಬದಲಾಯಿತು, ಇನ್ನೊಂದು ಕಡೆ ಒಂದು ಚಮಚ ಹೆಪ್ಪು ಆ ಕೆಲಸ ಮಾಡಿತು. ಮುಂದಿನ ಮನುಷ್ಯನ ಬಗ್ಗೆ ಯಾರು ಕೇಳಿದರೂ ನನಗೆ ಮೊದಲು ನೆನಪಾಗುವುದು ಆ ಚಮಚ.

ಈಗ ಆ ಹೆಪ್ಪಿನ ಜಾಗದಲ್ಲಿ ಜೀನ್ ತಿದ್ದುವ ಕೆಲಸ ಬಂದಿದೆ. ಸಿಕಲ್ ಸೆಲ್ ಕಾಯಿಲೆ ಕೇಳಿರುತ್ತೀರಿ, ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಕೈಕಾಲು ಸಂದಿನಲ್ಲಿ ತಡೆಯಲಾಗದ ನೋವು. ಇದರ ಜೀನ್ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ರಕ್ಷಣೆ, ಇಬ್ಬರಿಂದಲೂ ಬಂದರೆ ಕಾಯಿಲೆ. ಅದಕ್ಕೇ ಮಲೇರಿಯಾ ಇದ್ದ ಕಾಡಿನ ಸೀಮೆಗಳಲ್ಲಿ ಇದು ಉಳಿದುಕೊಂಡಿತು. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಇದು ಪತ್ತೆಯಾಯಿತು, ನಮ್ಮ ಚಾಮರಾಜನಗರ, ಮೈಸೂರು ಕಡೆಯ ಹಾಡಿಗಳಲ್ಲೂ ಇದೆ. 2023ರ ಕೊನೆಯಲ್ಲಿ ಬ್ರಿಟನ್ನು, ಅಮೆರಿಕ ಇದಕ್ಕೆ ಜೀನ್ ತಿದ್ದುವ ಚಿಕಿತ್ಸೆಯನ್ನು ಒಪ್ಪಿದವು. ರೋಗಿಯ ಮೂಳೆಮಜ್ಜೆಯ ಕಣ ತೆಗೆದು, ಹೊಟ್ಟೆಯೊಳಗಿನ ಮಗುವಿಗೆ ಇರುವಂಥ ಹಿಮೋಗ್ಲೋಬಿನ್ ಮತ್ತೆ ತಯಾರಾಗುವ ಹಾಗೆ ತಿದ್ದಿ, ವಾಪಸ್ ಹಾಕುತ್ತಾರೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ 18 ಕೋಟಿ ರೂಪಾಯಿ. ಹಾಡಿಯ ಹುಡುಗಿಗೆ ಅದು ಯಾವಾಗ ಸಿಗುತ್ತದೆ? ದೆಹಲಿಯಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಐಜಿಐಬಿ ಅನ್ನುವ ಜೀನ್ ಸಂಶೋಧನಾ ಸಂಸ್ಥೆಯವರು ಕಡಿಮೆ ಖರ್ಚಿನದ್ದನ್ನು ಮಾಡಲು ಹೊರಟಿದ್ದಾರೆ. ನನ್ನ ಆಸೆಯೆಲ್ಲಾ ಅದರ ಮೇಲಿದೆ. ಈ ಚಿಕಿತ್ಸೆಯ ತಿದ್ದುಪಡಿ ಆ ರೋಗಿಗೆ ಮಾತ್ರ, ಮಕ್ಕಳಿಗೆ ಇಳಿಯುವುದಿಲ್ಲ. ಇಳಿಯುವಂತೆ ಭ್ರೂಣವನ್ನೇ ತಿದ್ದಿದ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯ್ 2018ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಅಂತ ಹೇಳಿದಾಗ ಜಗತ್ತೆಲ್ಲಾ ಬೆಚ್ಚಿತು, ಆತನಿಗೆ ಮೂರು ವರ್ಷ ಜೈಲಾಯಿತು. ಆಗಿದ್ದು ಸರಿಯೇ. ಕೇಳಿ ಒಪ್ಪಿಕೊಳ್ಳಲು ಆ ಮಕ್ಕಳು ಇನ್ನೂ ಹುಟ್ಟಿರಲೇ ಇಲ್ಲ.

ಮೂರನೇ ಪ್ರಶ್ನೆಗೆ ಬರುತ್ತೇನೆ, ನಿಜವಾಗಿ ನಿಮ್ಮ ಪತ್ರ ಇರುವುದು ಅಲ್ಲೇ. 1992–93ರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.9 ಮಕ್ಕಳು, 2019–21ಕ್ಕೆ 1.7. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಇದು 0.72. ಇದೇ ಮುಂದುವರಿದರೆ ಅಲ್ಲಿನ ಇವತ್ತಿನ ನೂರು ಜನಕ್ಕೆ 36 ಮಕ್ಕಳು, 13 ಮೊಮ್ಮಕ್ಕಳು. ಜಗತ್ತಿನ ಜನಸಂಖ್ಯೆ 2080ರ ದಶಕದಲ್ಲಿ 1030 ಕೋಟಿ ಮುಟ್ಟಿ ಆಮೇಲೆ ಇಳಿಯಬಹುದು ಅಂತ ವಿಶ್ವಸಂಸ್ಥೆ 2024ರಲ್ಲಿ ಅಂದಾಜು ಮಾಡಿದೆ. ಹಾಗಾಗಿ ಮುಗಿದು ಹೋಗುವ ಮಾತು ನಮ್ಮ ಮೊಮ್ಮಕ್ಕಳ ಕಾಲಕ್ಕೂ ದೂರ. ಹತ್ತಿರ ಇರುವುದು ಬೇರೆ.

ನಿಮ್ಮ ಮಗಳಿಗೆ ಒಬ್ಬನೇ ಮಗ. ಅವನಿಗೆ ಅಕ್ಕತಂಗಿ ಇಲ್ಲ. ಅವನ ಹೆಂಡತಿಯೂ ಒಬ್ಬಳೇ ಮಗಳು ಅಂತ ಇಟ್ಟುಕೊಳ್ಳಿ, ಅವರ ಮಗುವಿಗೆ ಸೋದರಮಾವ ಇಲ್ಲ, ಸೋದರತ್ತೆ ಇಲ್ಲ, ಚಿಕ್ಕಪ್ಪ ದೊಡ್ಡಪ್ಪ ಚಿಕ್ಕಮ್ಮ ದೊಡ್ಡಮ್ಮ ಯಾರೂ ಇಲ್ಲ. ಮದುವೆಯ ದಿನ ಹುಡುಗಿಯನ್ನು ಮಂಟಪಕ್ಕೆ ಕರೆತರುವ ಸೋದರಮಾವನ ಕೆಲಸಕ್ಕೆ ಪಕ್ಕದ ಮನೆಯವರನ್ನು ಕರೆಯಬೇಕು. ನಾವು ಎಷ್ಟು ಚೆನ್ನಾಗಿ ಬೇರೆಬೇರೆ ಹೆಸರಿಟ್ಟುಕೊಂಡ ನೆಂಟಸ್ತಿಕೆಗಳು ಇವು! ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಆದರೆ ಇದರ ಜೊತೆಗೇ ಇನ್ನೊಂದಾಗುತ್ತದೆ. ಕರ್ನಾಟಕದಲ್ಲಿ ಈಗಲೂ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ನಡೆಯುತ್ತದೆ, ಅಕ್ಕನ ಮಗಳು, ಅತ್ತೆ ಮಗ. ಜಾತಿ ಒಳಗೇ ಮದುವೆ ಅನ್ನುವುದಂತೂ ಗಟ್ಟಿ ಗೋಡೆ. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವಕೋಶ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜೊತೆಗಾರರೊಂದಿಗೆ ಜೀನ್ ಓದಿ 2013ರಲ್ಲಿ ಹೇಳಿದ್ದು ಇದು: ಸುಮಾರು 4200ರಿಂದ 1900 ವರ್ಷದ ಹಿಂದಿನವರೆಗೆ ಭಾರತದ ಜನ ಚೆನ್ನಾಗಿ ಬೆರೆಯುತ್ತಿದ್ದರು, ಆಮೇಲೆ ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲಿನೊಳಗೆ ಒಂದೇ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬರುವುದು ಸುಲಭ. ದಕ್ಷಿಣದ ಒಂದು ವ್ಯಾಪಾರಿ ಸಮುದಾಯದಲ್ಲಿ ಕೆಲವರಿಗೆ ಆಪರೇಷನ್ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಒಂದು ಮದ್ದು ಕೆಲವು ನಿಮಿಷದ ಬದಲು ಗಂಟೆಗಟ್ಟಲೆ ಇಳಿಯುವುದೇ ಇಲ್ಲ. ಈಗ ಮನೆಗೊಂದೇ ಮಗುವಾದರೆ ಮದುವೆಯಾಗಲು ಅಕ್ಕನ ಮಗಳೇ ಇರುವುದಿಲ್ಲ. ಓದಿದ ಕಡೆ, ಕೆಲಸದ ಕಡೆ ಜೋಡಿಯಾಗುತ್ತಾರೆ. ಮದುವೆಯ ಪದ್ಧತಿ ಬದಲಾದರೆ ಮೈಯೊಳಗಿನ ಜೀನಿನ ಕಲೆಬೆರಕೆಯೂ ಬದಲಾಗುತ್ತದೆ, ಅದೂ ವಿಕಾಸವೇ. ನಿಂತಿಲ್ಲ ಮೇಷ್ಟ್ರೇ. ಎರಡು ಸಾವಿರ ವರ್ಷದ ಬಾಗಿಲು ನಿಮ್ಮ ಮೊಮ್ಮಗನ ಕಾಲಕ್ಕೆ ತೆರೆದುಕೊಳ್ಳಬಹುದು, ತೆರೆಯಲಿ ಅನ್ನುವುದು ನನ್ನ ಆಸೆ. ನೆಂಟರು ಕಡಿಮೆಯಾದ ಆ ಮನೆಯಲ್ಲಿ ಮುದುಕರನ್ನು ನೋಡಿಕೊಳ್ಳುವವರು ಯಾರು ಅನ್ನುವುದನ್ನು ಈಗಲೇ ಕೂತು ಮಾತಾಡಬೇಕು, ಅದು ನನಗೆ ಹೆಬ್ಬೆರಳಿಗಿಂತ ದೊಡ್ಡ ಚಿಂತೆ.

ಒಂದು ಕೆಲಸ ನಿಮ್ಮಿಂದಲೇ ಆಗಬೇಕು. 38 ಹೋಗಿ 4 ಆಗಿದ್ದು ಪೂರ್ತಿ ಮಕ್ಕಳು ಹುಟ್ಟದೇ ಇದ್ದದ್ದಕ್ಕಲ್ಲ. ಬೆಳಗ್ಗೆ ಎಂಟು ಗಂಟೆಗೆ ಊರ ಬಾಗಿಲಿಗೆ ಬರುವ ಹಳದಿ ವ್ಯಾನು ಎಷ್ಟು ಜನರನ್ನು ಹತ್ತಿಸಿಕೊಂಡು ಹೋಗುತ್ತದೆ, ಬೆಂಗಳೂರಿಗೆ ಹೋದ ಮನೆಗಳು ಎಷ್ಟು ಅಂತ ಬಿಡಿಸಿ ನೋಡಬೇಕು. ಈಗಿನ ಹೆಡ್‌ಮೇಷ್ಟ್ರು ನಿಮ್ಮ ಶಿಷ್ಯರೇ ಅಂತ ಬರೆದಿದ್ದೀರಿ. ಅವರನ್ನು ಕೇಳಿ ದಾಖಲಾತಿ ಪುಸ್ತಕ ತೆರೆಸಿ, ಪ್ರತಿ ವರ್ಷ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದರು, ಎಷ್ಟು ಮನೆಯಿಂದ ಬಂದರು, ವ್ಯಾನಿನಲ್ಲಿ ಹೋಗುವವರು ಈಗ ಎಷ್ಟು, ಇಷ್ಟನ್ನು ಬರೆದು ಕಳಿಸಿ. ಮಕ್ಕಳ ಹೆಸರು ಬೇಡ, ವರ್ಷ ಮತ್ತು ಸಂಖ್ಯೆ ಸಾಕು. ಬಂದ ತಿಂಗಳೇ ಇದೇ ಪುಟದಲ್ಲಿ ಹಾಕುತ್ತೇವೆ.

ನಿಮ್ಮ,
ಸಂಪಾದಕ