"ಡಬ್ಬಿ ಸಾಕಲ್ರಿ, ಕ್ಯಾಮೆರಾ ಯಾಕ?"

ಕಲಬುರಗಿಯ 48 ವರ್ಷದ ಶಿಕ್ಷಕಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರ ಅಣ್ಣನಿಗೆ 52ನೇ ವಯಸ್ಸಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಇವರೂ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ತೆಳು ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಲಿ ಅಂತ ಡಾಕ್ಟರು ಹೇಳಿ ಆರು ತಿಂಗಳಾಗಿತ್ತು.

"ಅಳಿಯ ಅಮೆರಿಕದಾಗ ಇದ್ದಾನ್ರಿ. ಅಲ್ಲಿ ಮನ್ಯಾಗೇ ಡಬ್ಬಿಯೊಳಗ ಮಲ ಹಿಡಿದು ಕಳಿಸಿದ್ರ ಡಿಎನ್‌ಎ ನೋಡಿ ಹೇಳ್ತಾರಂತ. ಅಷ್ಟ ಸಾಕಲ್ರಿ?"

ಅಳಿಯ ಹೇಳಿದ್ದು ಸುಳ್ಳಲ್ಲ. ಕರುಳಿನ ಒಳಪದರದ ಜೀವಕೋಶಗಳು ದಿನವೂ ಉದುರಿ ಮಲದಲ್ಲಿ ಸೇರುತ್ತವೆ. ಗಡ್ಡೆಯ ಕೋಶಗಳಾದರೆ ಅವುಗಳ ಡಿಎನ್‌ಎ ಕೆಟ್ಟಿರುತ್ತದೆ. ಅದನ್ನೂ, ಕಣ್ಣಿಗೆ ಕಾಣದ ರಕ್ತವನ್ನೂ ಲ್ಯಾಬಿನಲ್ಲಿ ಹುಡುಕುತ್ತಾರೆ. ಅಮೆರಿಕದಲ್ಲಿ 2014ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಆ ವರ್ಷದ ದೊಡ್ಡ ಅಧ್ಯಯನದಲ್ಲಿ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 92 ಮಂದಿಯನ್ನು ಹಿಡಿಯಿತು. ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್ (ಕರುಳಿನ ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟು) ಇದ್ದವರಲ್ಲಿ ಮಾತ್ರ ನೂರಕ್ಕೆ 42. ಪಾಸಿಟಿವ್ ಬಂದರೆ ಮತ್ತೆ ಕೊಲೊನೋಸ್ಕೋಪಿಯೇ.

ಇಷ್ಟೆಲ್ಲ ಸುಮ್ನೆ ಹೇಳಿದೆ. ಮೊದಲು ಕೇಳಬೇಕಾದ್ದನ್ನು ಕೊನೆಗೆ ಕೇಳಿದೆ, ನನ್ನದೇ ತಪ್ಪು: ರಕ್ತ ಏನಾದರೂ ಹೋಗಿತ್ತಾ?

ಅವರು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತರು. "ಮೂಲವ್ಯಾಧಿ ಇರಬೇಕಂತ ಸುಮ್ಮನಿದ್ದೆ." ಮೂರು ತಿಂಗಳಿಂದ. ಗಂಡನಿಗೂ ಹೇಳಿರಲಿಲ್ಲ.

ಆಗ ನೇರವಾಗಿ ಹೇಳಿದೆ. ಡಬ್ಬಿಯ ಪರೀಕ್ಷೆ 45 ದಾಟಿದ, ಯಾವ ತೊಂದರೆಯೂ ಕಾಣದ, ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿರದ ಜನರಿಗೆ. ನಿಮಗಲ್ಲ. ಮೂಲವ್ಯಾಧಿಯೇ ಇರಬಹುದು, ಒಳಗೆ ನೋಡದೆ ಹೇಳೋದು ಹೇಗೆ? ರಕ್ತದ ವಿಷಯ ಇದೇ ವಾರ ಡಾಕ್ಟರಿಗೆ ತಿಳಿಸಿ. ಕೊಲೊನೋಸ್ಕೋಪಿಯಲ್ಲಿ ಪಾಲಿಪ್ ಸಿಕ್ಕರೆ ಹೆಚ್ಚಾಗಿ ಅಲ್ಲೇ ತೆಗೆದುಬಿಡುತ್ತಾರೆ. ಡಬ್ಬಿಗೆ ಆ ಕೆಲಸ ಬರೋದಿಲ್ಲ.

ಅವರನ್ನು ಆರು ತಿಂಗಳು ತಡೆದದ್ದು ನೋವಿನ ಭಯ ಅಲ್ಲ, ನಾಚಿಕೆ. ಗಂಡಸು ಡಾಕ್ಟರ ಮುಂದೆ ಹೇಗೆ ಮಲಗೋದು? ನಾಚಿಕೆಯನ್ನು ಬಿಡಿ ಅನ್ನಲಿಲ್ಲ. ಮಹಿಳಾ ಡಾಕ್ಟರ್ ಇದ್ದಾರಾ ಅಂತ ಕೇಳಿ, ಇಲ್ಲದಿದ್ದರೆ ನರ್ಸಮ್ಮ ಪಕ್ಕದಲ್ಲೇ ಇರಲಿ ಅನ್ನಿ, ಮೈಮೇಲೆ ಹೊದಿಕೆ ಇರುತ್ತದೆ, ಮಂಪರಿನ ಔಷಧಿಯನ್ನೂ ಕೊಡುತ್ತಾರೆ ಎಂದೆ. ತಂಗಿಯನ್ನು ಕರೆದುಕೊಂಡು ಹೋಗಲು ಒಪ್ಪಿದರು.

ನಾಲ್ಕು ದಿನಕ್ಕೆ ಫೋನ್ ಬಂತು. ತಾರೀಖು ಸಿಕ್ಕಿತ್ತು. ಹಿಂದಿನ ದಿನ ರೊಟ್ಟಿ ಬಂದ್, ಬರೀ ತಿಳಿ ಪಾನೀಯ ಅಂದಿದ್ದರಂತೆ. "ಜೋಳದ ಅಂಬಲಿ ನಡೀತದೇನ್ರಿ?"

ಅಂಬಲಿ ತಿಳಿಯಲ್ಲ ಅಲ್ವಾ? ಎಳನೀರು ಕುಡಿಯಬಹುದಾ ಕೇಳಿ ಅಂದೆ.