ಪ್ಯಾಂಟು ಗಿಡ್ಡ ಆಗುವುದು ಯಾವಾಗ ನಿಲ್ಲುತ್ತದೆ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಈಗ 14 ವರ್ಷ 6 ತಿಂಗಳು. ಶಾಲೆ ಶುರುವಾದಾಗ ತಂದ ಪ್ಯಾಂಟು ಆರು ತಿಂಗಳಿಗೇ ಕಣಕಾಲಿನ ಮೇಲೆ ಬಂದು ನಿಂತಿದೆ. ಒಂದೇ ವರ್ಷದಲ್ಲಿ ಎರಡು ಸಲ ಶೂ ತಂದಾಯಿತು. ಈಗ ಮನೆಯಲ್ಲೊಂದು ಸಮಾರಂಭ ಇದೆ, ಕೋಟು ಬೇಕು ಅಂತ ಹಟ ಮಾಡುತ್ತಿದ್ದಾನೆ. ಹುಡುಗರು ಬೆಳೆಯುವುದು ಯಾವ ವಯಸ್ಸಿಗೆ ನಿಲ್ಲುತ್ತದೆ? ಅಲ್ಲಿಯವರೆಗೆ ಎಲ್ಲವನ್ನೂ ಎರಡು ಸೈಜ್ ದೊಡ್ಡದೇ ತಂದರೆ ಆಗುವುದಿಲ್ಲವೇ?

ಉತ್ತರ: ಹೆಚ್ಚಿನ ಹುಡುಗರ ಎತ್ತರ 16-17ರ ಹೊತ್ತಿಗೆ ಬಹುತೇಕ ಮುಗಿದಿರುತ್ತದೆ. ಕೆಲವರು 18ರ ತನಕ ಚೂರುಚೂರು ಏರುತ್ತಾರೆ. ತಡವಾಗಿ ಶುರು ಮಾಡಿದವರು 19-20ರವರೆಗೂ ಬೆಳೆಯುವುದುಂಟು. ಆದರೆ ಈ ವಯಸ್ಸುಗಳನ್ನು ನಂಬಿಕೊಂಡು ಬಟ್ಟೆ ತರಬೇಡಿ. ಗಂಡು ಮಕ್ಕಳಲ್ಲಿ ಪ್ರೌಢತೆ 9ರಿಂದ 14 ವರ್ಷದ ನಡುವೆ ಯಾವಾಗ ಬೇಕಾದರೂ ಶುರುವಾಗಬಹುದು. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಇಬ್ಬರೂ ಸರಿಯಾಗಿಯೇ ಇದ್ದಾರೆ. ಹಾಗಾಗಿ ಹುಟ್ಟಿದ ದಿನಾಂಕಕ್ಕಿಂತ ಈಗ ಎಷ್ಟು ವೇಗದಲ್ಲಿ ಬೆಳೆಯುತ್ತಿದ್ದಾನೆ ಅನ್ನುವುದನ್ನು ನೋಡಬೇಕು.

ಚಿಕ್ಕಂದಿನಲ್ಲಿ ವರ್ಷಕ್ಕೆ ಸುಮಾರು 5-6 ಸೆಂ.ಮೀ. ಬೆಳೆಯುತ್ತಿದ್ದ ಹುಡುಗ, ಪ್ರೌಢತೆಗೆ ಸ್ವಲ್ಪ ಮುಂಚೆ ನಿಧಾನವಾಗುತ್ತಾನೆ. ಆಮೇಲೆ ಒಮ್ಮೆಲೇ ಜಿಗಿಯುತ್ತಾನೆ. ಆ ಜಿಗಿತದ ತುದಿ ಸರಾಸರಿ ಹದಿಮೂರೂವರೆ, ಹದಿನಾಲ್ಕರ ಆಸುಪಾಸಿನಲ್ಲಿ ಬರುತ್ತದೆ. ಆಗ ಒಂದೇ ವರ್ಷದಲ್ಲಿ 9-10 ಸೆಂ.ಮೀ. ಏರುವುದು ಸಾಮಾನ್ಯ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಮಗ ಈಗ ಅಲ್ಲೇ ಇದ್ದಾನೆ.

ಇದನ್ನು ನಿಲ್ಲಿಸುವುದು ಏನು ಗೊತ್ತಾ? ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ತೆಳುವಾದ ಪದರ ಇರುತ್ತದೆ, ಗ್ರೋತ್ ಪ್ಲೇಟ್ ಅನ್ನುತ್ತೇವೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಅದು ಗಟ್ಟಿ ಮೂಳೆಯಾಗಿ ಮುಚ್ಚಿಕೊಂಡರೆ ಎತ್ತರ ಮುಗಿಯಿತು. ಹುಡುಗರಲ್ಲೂ ಅದನ್ನು ಮುಚ್ಚಿಸುವುದು ಮುಖ್ಯವಾಗಿ ಈಸ್ಟ್ರೋಜನ್. ಹೌದು, ಹೆಣ್ಣು ಹಾರ್ಮೋನು ಅಂತ ಕರೆಯುವ ಅದೇ. ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್‌ನ ಒಂದು ಪಾಲು ದೇಹದೊಳಗೇ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. 1994ರಲ್ಲಿ ವೈದ್ಯರು ಒಬ್ಬ ಯುವಕನ ವಿಷಯ ವರದಿ ಮಾಡಿದರು. ಅವನ ದೇಹಕ್ಕೆ ಈಸ್ಟ್ರೋಜನ್ ತಟ್ಟುತ್ತಲೇ ಇರಲಿಲ್ಲ. ವಯಸ್ಸು 28, ಎತ್ತರ 204 ಸೆಂ.ಮೀ., ಗ್ರೋತ್ ಪ್ಲೇಟ್ ಇನ್ನೂ ತೆರೆದೇ ಇತ್ತು!

ಇನ್ನು ಬಟ್ಟೆಯ ಮಾತು. ದೇಹ ಎಲ್ಲ ಕಡೆ ಒಟ್ಟಿಗೇ ಬೆಳೆಯುವುದಿಲ್ಲ. ಮೊದಲು ಪಾದ, ಆಮೇಲೆ ಕೈಕಾಲು, ಅದರ ಹಿಂದೆ ಬೆನ್ನಿನ ಉದ್ದ. ಭುಜದ ಅಗಲ, ಎದೆ, ಕುತ್ತಿಗೆ ತುಂಬಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ನಿಲ್ಲುವುದೂ ಹೆಚ್ಚುಕಡಿಮೆ ಇದೇ ಸಾಲಿನಲ್ಲಿ. ದುಡ್ಡು ಖರ್ಚು ಮಾಡುವಾಗಲೂ ಇದೇ ಸಾಲು ಹಿಡಿಯಿರಿ. ಬಾಳಿಕೆ ಬರುವ ಒಳ್ಳೆಯ ಶೂ ಮೊದಲು, ಒಳ್ಳೆಯ ಪ್ಯಾಂಟು ಆಮೇಲೆ, ಕೋಟು ಕಟ್ಟಕಡೆಗೆ.

ಎರಡು ಸೈಜ್ ದೊಡ್ಡದು ಬೇಡವೇ ಬೇಡ. ಅವನಿಗೆ ಬೇಕಾಗಿರುವುದು ಉದ್ದ. ಸೈಜ್ ಏರಿಸಿದರೆ ಸೊಂಟ, ಕುತ್ತಿಗೆ, ಭುಜ ಎಲ್ಲವೂ ಏರುತ್ತವೆ. ಶೂ ಅಂತೂ ದೊಡ್ಡದಾದರೆ ಹಿಮ್ಮಡಿ ಜಾರಿ ಬೊಬ್ಬೆ ಏಳುತ್ತದೆ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇದ್ದರೆ ಸಾಕು. ಸಂಜೆ ಹೊತ್ತು ಹಾಕಿ ನೋಡಲಿ, ಆಗ ಪಾದ ಕೊಂಚ ಊದಿಕೊಂಡಿರುತ್ತದೆ. ಪ್ಯಾಂಟಿಗೆ ಸೊಂಟದ ಅಳತೆ ಇವತ್ತಿನದೇ ಇರಲಿ. ಕೊಳ್ಳುವ ಮುಂಚೆ ಕಾಲಿನ ತುದಿಯನ್ನು ತಿರುವಿ ನೋಡಿ. ಒಳಗೆ ನಾಲ್ಕು ಬೆರಳು ಮಡಿಕೆ ಇದ್ದರೆ ಎರಡು ಸಲ ಬಿಚ್ಚಿ ಇಳಿಸಬಹುದು. ಬರೀ ಒಂದು ಬೆರಳು ಮಡಚಿ ಹೊಲಿದಿದ್ದರೆ ವಾಪಸ್ ಇಟ್ಟುಬಿಡಿ. ಜೀನ್ಸ್‌ಗೆ ಈ ಉಪಾಯ ಅಷ್ಟು ನಡೆಯುವುದಿಲ್ಲ, ಹಳೆಯ ಮಡಿಕೆ ಇದ್ದಲ್ಲಿ ಬಿಳಿ ಗೆರೆ ಉಳಿದುಬಿಡುತ್ತದೆ. ಅದನ್ನು ಉದ್ದವೇ ತಂದು ಹೊರಗಡೆಗೆ ಮಡಚಿಕೊಳ್ಳಲಿ, ನೋಡಿದವರು ಫ್ಯಾಶನ್ ಅಂದುಕೊಳ್ಳುತ್ತಾರೆ.

ಕೋಟು ಈ ಸಲ ಹೊಲಿಸಬೇಡಿ. ತೋಳಿನ ಉದ್ದವನ್ನು ಟೈಲರ್ ಎರಡು ಮೂರು ಸೆಂ.ಮೀ. ಇಳಿಸಿಕೊಡಬಹುದು, ಆದರೆ ಭುಜವನ್ನು ಅಗಲ ಮಾಡುವುದು ಆಗದ ಮಾತು. ಅವನ ಭುಜ ಇನ್ನೂ ಬೆಳೆಯಬೇಕಾಗಿದೆ. ಬಾಡಿಗೆಗೆ ತನ್ನಿ, ಇಲ್ಲವೇ ಯಾರಾದರೂ ಅಣ್ಣಂದಿರದ್ದನ್ನು ಕೇಳಿ ತನ್ನಿ. ಮುಖ ಊದಿಸಿಕೊಂಡರೆ ಒಂದು ದಿನ ಅಷ್ಟೇ.

ವೇಗ ತಿಳಿಯಲು ಗೋಡೆಯೇ ಸಾಕು. ಬರಿಗಾಲಲ್ಲಿ ಹಿಮ್ಮಡಿ ಗೋಡೆಗೆ ತಾಗುವ ಹಾಗೆ ನಿಲ್ಲಿಸಿ, ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕವನ್ನು ಮಟ್ಟಸವಾಗಿ ಇಟ್ಟು ಗುರುತು ಹಾಕಿ. ಯಾವಾಗಲೂ ದಿನದ ಒಂದೇ ಹೊತ್ತಿನಲ್ಲಿ ಅಳೆಯಿರಿ. ಬೆಳಿಗ್ಗೆಗಿಂತ ಸಂಜೆಗೆ ಮನುಷ್ಯ ಸುಮಾರು ಒಂದು ಸೆಂ.ಮೀ. ಕುಗ್ಗಿರುತ್ತಾನೆ. ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು, ವಾರವಾರವೂ ಅಳೆದು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮೂರು ತಿಂಗಳಲ್ಲಿ 2 ಸೆಂ.ಮೀ. ದಾಟಿದರೆ ಅಗ್ಗದ ಪ್ಯಾಂಟೇ ಸರಿ. ಆರು ತಿಂಗಳಾದರೂ ಒಂದು ಸೆಂ.ಮೀ. ಏರಲಿಲ್ಲ ಅಂದರೆ ಒಳ್ಳೆಯದನ್ನು ಕೊಳ್ಳಿ. ಶೂ ಸೈಜ್ ನಿಂತಿತು ಅಂದ ಮಾತ್ರಕ್ಕೆ ಎತ್ತರವೂ ನಿಂತಿತು ಅಂದುಕೊಳ್ಳಬೇಡಿ. ಪಾದ ಮೊದಲೇ ನಿಂತುಬಿಡುತ್ತದೆ.

ಪ್ರಶ್ನೆ: ನನಗೆ 16 ವರ್ಷ, ಎತ್ತರ 160 ಸೆಂ.ಮೀ. ಗೆಳೆಯರೆಲ್ಲ ನನಗಿಂತ ಉದ್ದ ಇದ್ದಾರೆ. ಜಿಮ್‌ಗೆ ಹೋದರೆ ಬೆಳವಣಿಗೆ ನಿಂತುಹೋಗುತ್ತದಾ? ಎತ್ತರ ಹೆಚ್ಚಿಸುವ ಪುಡಿ ತಗೊಳ್ಳಬಹುದಾ?

ಉತ್ತರ: ಪುಡಿ ಬೇಡ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಗ್ರೋತ್ ಪ್ಲೇಟ್ ಅದನ್ನು ಓದುವುದಿಲ್ಲ. ಸರಿಯಾಗಿ ಹೇಳಿಕೊಡುವವರು ಇದ್ದರೆ ಜಿಮ್‌ನಿಂದ ಎತ್ತರಕ್ಕೆ ತೊಂದರೆ ಇಲ್ಲ. ಆದರೆ ಅಲ್ಲಿ ಯಾರಾದರೂ ಸ್ಟಿರಾಯ್ಡ್ ಕೊಟ್ಟರೆ ಮುಟ್ಟಬೇಡ. ಅದು ಗ್ರೋತ್ ಪ್ಲೇಟನ್ನು ಬೇಗ ಮುಚ್ಚಿಸಿ, ಇದ್ದ ಅವಕಾಶವನ್ನೂ ಕಳೆಯುತ್ತದೆ.

ಒಂದು ಲೆಕ್ಕ ಹಾಕಿ ನೋಡು. ಅಪ್ಪ ಅಮ್ಮನ ಎತ್ತರ ಸೇರಿಸಿ, ಅದಕ್ಕೆ 13 ಕೂಡಿಸಿ, ಎರಡರಿಂದ ಭಾಗಿಸು. ಅಪ್ಪ 170, ಅಮ್ಮ 155 ಅಂದರೆ ಉತ್ತರ 169. ಅದಕ್ಕಿಂತ 8-9 ಸೆಂ.ಮೀ. ಆಚೀಚೆ ಆಗುವುದು ಮಾಮೂಲು. ಇನ್ನೊಂದು, ನಿನ್ನ ದನಿ ಒಡೆದದ್ದು ಯಾವಾಗ? ಇತ್ತೀಚೆಗೆ ಅಂದರೆ ಇನ್ನೂ ಸಮಯ ಇದೆ. ಅಪ್ಪನೂ ತಡವಾಗಿ ಬೆಳೆದವರಾ ಕೇಳು, ಅದು ವಂಶದಲ್ಲಿ ಬರುತ್ತದೆ. ಪ್ರೌಢತೆಯ ಮೊದಲ ಗುರುತು ಮೀಸೆಯಲ್ಲ, ವೃಷಣ ದೊಡ್ಡದಾಗುವುದು. 14 ತುಂಬಿದರೂ ಅದು ಆಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ನಿನಗೆ ಸಂಶಯ ಇದ್ದರೆ ಸಂಕೋಚ ಬಿಟ್ಟು ಹೋಗು. ಎಡಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್‌ರೇ ನೋಡಿ, ಮೂಳೆಯ ವಯಸ್ಸು ಎಷ್ಟು, ಇನ್ನೂ ಬೆಳೆಯಲು ಜಾಗ ಇದೆಯಾ ಅಂತ ಅವರು ಅಂದಾಜು ಹೇಳುತ್ತಾರೆ.

ಪ್ರಶ್ನೆ: ಮಗನಿಗೆ 18. ಒಂದು ವರ್ಷದಿಂದ ಎತ್ತರ ಏರಿಲ್ಲ, ಆದರೂ ಶರ್ಟುಗಳೆಲ್ಲ ಟೈಟ್. ದಪ್ಪ ಆಗುತ್ತಿದ್ದಾನಾ?

ಉತ್ತರ: ಶರ್ಟು ಎಲ್ಲಿ ಬಿಗಿಯುತ್ತದೆ ನೋಡಿ. ಕೈ ಮುಂದೆ ಚಾಚಿದಾಗ ಬೆನ್ನಿನ ಮೇಲೆ ಎಳೆದರೆ, ಕಾಲರ್ ಬಟನ್ ಹಾಕಲು ಕಷ್ಟವಾದರೆ, ಪ್ಯಾಂಟಿನ ಸೊಂಟ ಮಾತ್ರ ಮೊದಲಿನಷ್ಟೇ ಇದ್ದರೆ, ಅದು ಮೈಕಟ್ಟು ತುಂಬಿಕೊಳ್ಳುತ್ತಿರುವುದು. ಇಪ್ಪತ್ತು ದಾಟಿದ ಮೇಲೂ ಸ್ವಲ್ಪ ಕಾಲ ಇದು ನಡೆಯುತ್ತದೆ. ಹೊಟ್ಟೆಯ ಹತ್ತಿರದ ಬಟನ್ ಬಾಯಿ ಬಿಡುತ್ತಿದ್ದರೆ ಅದು ಬೇರೆ ವಿಷಯ. ಶರ್ಟುಗಳನ್ನು ಒಂದೇ ಸಲ ಡಜನ್‌ಗಟ್ಟಲೆ ತರಬೇಡಿ, ಎರಡು ಮೂರು ಸಾಕು. ಕಾಲರ್ ಬಟನ್ ಹಾಕಿದ ಮೇಲೆ ಕುತ್ತಿಗೆಯ ಪಕ್ಕ ಎರಡು ಬೆರಳು ಸಲೀಸಾಗಿ ಹೋಗಬೇಕು. ಪ್ಯಾಂಟು ಮಾತ್ರ ಈಗ ಧೈರ್ಯವಾಗಿ ಒಳ್ಳೆಯದನ್ನೇ ಕೊಡಿಸಿ.