ಕೆರೆಯಲ್ಲಿ ಖಾಲಿ ಜಾಗ ಎಷ್ಟಿದೆ?

ಓದುಗರ ಪತ್ರ: ಕಳೆದ ಸಂಚಿಕೆಯ ಮುಖಪುಟದಲ್ಲಿ ತುಂಬಿದ ಕೆರೆಯ ಚಿತ್ರ ಹಾಕಿ ‘ಕೋಡಿ ಬಿತ್ತು, ಊರು ನಕ್ಕಿತು’ ಎಂದು ಬರೆದಿದ್ದೀರಿ. ಹುಬ್ಬಳ್ಳಿಯ ಹೊರವಲಯದ ನಮ್ಮ ಬಡಾವಣೆ ಅಂಥದೇ ಒಂದು ಸಣ್ಣ ಕೆರೆಯ ಕೆಳಗಿದೆ. ಕೋಡಿ ಬಿದ್ದ ರಾತ್ರಿ ನಾವು ಜೋಳದ ಚೀಲ, ಮಕ್ಕಳ ಪುಸ್ತಕಗಳನ್ನು ಅಟ್ಟಕ್ಕೇರಿಸಿ ಕುಳಿತಿರುತ್ತೇವೆ. ಈಗ ಹೂಳೆತ್ತಿ, ಏರಿ ಎತ್ತರಿಸಿ, ಹೆಚ್ಚಾದ ನೀರು ಹೊರಹರಿಯುವ ಕೋಡಿಯನ್ನು ಅಗಲ ಮಾಡುವ ಯೋಜನೆ ಬಂದಿದೆ. ನಮ್ಮ ಮನೆಗಳು ಉಳಿಯುತ್ತವೆಯೇ?

ಮಾನ್ಯರೆ,

ಆ ಶೀರ್ಷಿಕೆ ಕೊಟ್ಟವನು ನಾನೇ. ಏರಿಯ ಮೇಲೆ ನಿಂತು ನೋಡಿದವನಿಗೆ ಏರಿಯ ಕೆಳಗಿನ ಅಟ್ಟ ಕಾಣಲಿಲ್ಲ, ಕ್ಷಮಿಸಿ.

ಪ್ರಶ್ನೆಗೆ ಬರುತ್ತೇನೆ. ನೀವು ಹೇಳಿದ ಮೂರೂ ಕೆಲಸ ನಡೆದ ಮೇಲೂ ನಿಮ್ಮ ಮನೆಗೆ ಮತ್ತೆ ನೀರು ನುಗ್ಗಬಹುದು. ಹೂಳೆತ್ತುವುದನ್ನೇ ತೆಗೆದುಕೊಳ್ಳಿ. ಕೆರೆಯ ನೀರು ಹೊರಬಿಡುವ ತೂಬಿನ ಮಟ್ಟಕ್ಕಿಂತ ಕೆಳಗೆ ಎಷ್ಟೇ ಆಳ ತೋಡಿದರೂ ಆ ಗುಂಡಿ ಒಮ್ಮೆ ತುಂಬಿತೆಂದರೆ ಮಳೆಗಾಲ ಮುಗಿಯುವವರೆಗೆ ತುಂಬಿಯೇ ಇರುತ್ತದೆ. ಅಂತರ್ಜಲಕ್ಕೆ, ಹಕ್ಕಿಗಳಿಗೆ, ಬೇಸಿಗೆಗೆ ಅದು ಒಳ್ಳೆಯದೇ. ಆದರೆ ತುಂಬಿದ ಕೊಡ ಎಷ್ಟು ದೊಡ್ಡದಾದರೇನು, ಮೇಲೆ ಸುರಿದ ತಂಬಿಗೆ ನೀರು ಹೊರಗೇ ಚೆಲ್ಲುತ್ತದೆ. ನಿಮ್ಮನ್ನು ಕಾಯುವುದು ನಿಂತ ನೀರಿನ ಮಟ್ಟಕ್ಕೂ ಕೋಡಿಗೂ ನಡುವೆ ಉಳಿದಿರುವ ಖಾಲಿ ಜಾಗ.

ಲೆಕ್ಕ ಕಷ್ಟವೇನಿಲ್ಲ. ಕೆರೆಗೆ ನೀರು ಹರಿದು ಬರುವ ಪ್ರದೇಶ 100 ಎಕರೆ ಎನ್ನಿ. ಅಲ್ಲಿ 50 ಮಿಲಿಮೀಟರ್ ಮಳೆ ಒಮ್ಮೆಲೇ ಸುರಿದರೆ ಸುಮಾರು 2 ಕೋಟಿ ಲೀಟರ್ ಆಗುತ್ತದೆ. ಹೊಲವಿದ್ದ ಕಾಲದಲ್ಲಿ ಅದರಲ್ಲಿ ಒಂದಷ್ಟನ್ನು ಮಣ್ಣು ಕುಡಿಯುತ್ತಿತ್ತು. ಈಗ ಕಾಂಕ್ರೀಟು, ಡಾಂಬರು ಕುಡಿಯುವುದಿಲ್ಲ. ಎಲ್ಲವೂ ಹರಿದು ಬಂತೆಂದು ಇಟ್ಟುಕೊಂಡರೆ 5 ಎಕರೆಯ ಕೆರೆಯಲ್ಲಿ ನೀರು 1 ಮೀಟರ್ ಏರುತ್ತದೆ. ಕೋಡಿಯ ಕೆಳಗೆ ಅಷ್ಟು ಜಾಗ ಖಾಲಿ ಇದ್ದರೆ ಇಡೀ ಮಳೆ ಕೆರೆಯಲ್ಲೇ ತಂಗುತ್ತದೆ. ಒಂದೇ ಅಡಿ ಇದ್ದರೆ ಮೂರರಲ್ಲಿ ಎರಡು ಪಾಲು ನಿಮ್ಮ ಓಣಿಯ ದಾರಿ ಹಿಡಿಯುತ್ತದೆ.

ಆ ಜಾಗವನ್ನು ಒಂದು ಮಳೆಗೂ ಮುಂದಿನ ಮಳೆಗೂ ನಡುವೆ ಮತ್ತೆ ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಕೋಡಿಗಿಂತ ಒಂದು ಮೀಟರ್ ಕೆಳಗೆ, ಸದಾ ತೆರೆದಿರುವ ಸಣ್ಣ ಕಂಡಿ ಬೇಕು. ಸೆಕೆಂಡಿಗೆ ಸರಾಸರಿ 120 ಲೀಟರ್ ಬಿಟ್ಟರೂ ಆ 2 ಕೋಟಿ ಲೀಟರ್ ಎರಡು ದಿನದಲ್ಲಿ ಹೋಗುತ್ತದೆ. ನಿಮ್ಮ ನಾಲೆ ಉಕ್ಕದೆ ಎಷ್ಟು ಒಯ್ಯಬಲ್ಲದೋ ಅದಕ್ಕೆ ತಕ್ಕಂತೆ ಕಂಡಿಯ ಅಳತೆ. ಬಾಗಿಲಿಲ್ಲದ ಕಂಡಿಯಾದರೆ ನಡುರಾತ್ರಿ ಗೇಟು ಎತ್ತುವವನಿಗಾಗಿ ಕಾಯಬೇಕಾಗಿಲ್ಲ. ಅದರ ಮುಂದೆ ಜಾಲರಿ, ಜಾಲರಿ ಬಳಿಯುವುದಕ್ಕೆ ಒಬ್ಬ ಮನುಷ್ಯ ಮಾತ್ರ ಬೇಕೇ ಬೇಕು. ಯೋಜನೆಗಳಲ್ಲಿ ಜಾಲರಿಗೆ ಹಣವಿರುತ್ತದೆ, ಮನುಷ್ಯನಿಗೆ ಇರುವುದಿಲ್ಲ.

ಕೋಡಿ ಅಗಲ ಮಾಡುವುದು ಏರಿಯ ರಕ್ಷಣೆಗೆ. ಏರಿ ಒಡೆಯುವುದಕ್ಕಿಂತ ಕೋಡಿ ಹರಿಯುವುದು ಮೇಲು, ಆದ್ದರಿಂದ ಬೇಡವೆನ್ನಬೇಡಿ. ಆದರೆ ಖಾಲಿ ಜಾಗ ಮಾಡಿಕೊಳ್ಳದೆ ಕೋಡಿಯನ್ನಷ್ಟೇ ಹಿಗ್ಗಿಸಿದರೆ ನೀರು ಇನ್ನೂ ರಭಸದಿಂದ ಕೆಳಗಿಳಿಯುತ್ತದೆ, ಕೆಳಗಿರುವವರು ನೀವು. ಏರಿ ಎತ್ತರಿಸುವಾಗ ಮಣ್ಣು ಯಾವುದೆಂದು ನೋಡಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ನೆನೆದರೆ ಉಬ್ಬಿ ಜಾರುತ್ತದೆ. ಕೆರೆಯಿಂದ ಎತ್ತಿದ ಹೂಳನ್ನೇ ಟಿಪ್ಪರಿನಲ್ಲಿ ತಂದು ಏರಿಯ ಮೇಲೆ ಸುರಿಯುವುದು ಅಗ್ಗದ ದಾರಿ. ಹಾಗೆ ಮಾಡುವುದು ಕಂಡರೆ ಅಲ್ಲೇ ತಡೆಯಿರಿ. ತಕ್ಕ ಮಣ್ಣನ್ನು ಪದರ ಪದರವಾಗಿ ಹಾಕಿ, ಹದವಾಗಿ ನೀರುಣಿಸಿ, ರೋಲರ್ ಓಡಿಸಬೇಕು. ಒಳಮೈಗೆ ಕಲ್ಲು ಹೊದಿಸಬೇಕು.

ಇನ್ನೊಂದು ತೊಡಕಿದೆ. ನಮ್ಮ ಹಿರಿಯರು ಕೆರೆ ಕಟ್ಟಿದ್ದು ನೀರು ಹಿಡಿದಿಡಲು. ಉಣಕಲ್ ಕೆರೆ ಒಂದು ಕಾಲಕ್ಕೆ ಹುಬ್ಬಳ್ಳಿಯ ಬಾಯಾರಿಕೆ ನೀಗಿಸಿತು. ಅಲ್ಲಿ ತುಂಬುವುದೇ ಸಂಭ್ರಮವಾಗಿತ್ತು. ಅದರ ಕೆಳಗೆ, ನಾಲೆಯ ಇಕ್ಕೆಲಗಳಲ್ಲಿ ಊರು ಬೆಳೆದ ಮೇಲೆ ಅದೇ ಕೋಡಿ ಬೇರೆಯಾಗಿ ಕಾಣತೊಡಗಿತು. 2019ರ ಆಗಸ್ಟ್ ಮಳೆ ನೋಡಿದ ನಾಲೆಯ ಪಕ್ಕದವರನ್ನು ಕೇಳಿ. ಇಂದಿಗೂ ವಾಕಿಂಗ್ ಬರುವವರಿಗೆ, ದೋಣಿ ಬಿಡುವವರಿಗೆ ಕೆರೆ ಕಟ್ಟೆಯಂಚಿನವರೆಗೆ ತುಂಬಿರಬೇಕು. ನಿಮಗೆ ಅದು ಒಂದು ಮೀಟರ್ ಕೆಳಗಿರಬೇಕು, ಅದೂ ಹಸ್ತ, ಚಿತ್ತಾ ಮಳೆಗಳ ಹೊತ್ತಿಗೆ. ಕೆರೆ ಆಗಲೇ ತುಂಬಿ, ಸಂಜೆಯ ಗುಡುಗು ಮಳೆ ಒಂದೇ ಏಟಿಗೆ ಸುರಿಯುವ ದಿನಗಳವು. ಈ ಜಗಳ ಇಂಜಿನಿಯರರು ತೀರಿಸುವಂಥದಲ್ಲ. ಸಭೆಯಲ್ಲಿ ದೋಣಿಯವರಿಗಿಂತ ಮೊದಲೇ ಹೋಗಿ ಕುಳಿತುಕೊಳ್ಳಿ.

ಅಲ್ಲಿ ತೋರಿಸುವ ಬಣ್ಣದ ಚಿತ್ರದಲ್ಲಿ ದೀಪದ ಕಂಬ, ಬೆಂಚು, ಹೂಗಿಡ ಇದ್ದೇ ಇರುತ್ತವೆ. ತೂಬು, ಕೋಡಿ, ಏರಿ ಮೂರರ ಮಟ್ಟ ಬರೆದಿರುವ ಹಾಳೆಯನ್ನು ಕೇಳಿ ಪಡೆಯಿರಿ. ಸಿಕ್ಕರೆ ಒಂದು ಪ್ರತಿ ನಮಗೂ ಕಳಿಸಿ. ತುಂಬಿದ ಕೆರೆಯ ಚಿತ್ರವಿದ್ದ ಜಾಗದಲ್ಲೇ ಅದನ್ನು ಅಚ್ಚು ಹಾಕುತ್ತೇನೆ.

— ಸಂಪಾದಕ